ಮುಳುಗುವ ಕಂಪನಿಯನ್ನು ಚಿತ್ರೀಕರಿಸುವುದು ಹೇಗೆ: ಗೌಡಗೆರೆ ಹೋಬಳಿಯ ತಜ್ಞ ವರದಿ

ಸಾಫ್ಟ್‌ವೇರ್ ಎಂಜಿನಿಯರುಗಳ ಮೇಲೆ ಸಾಕ್ಷ್ಯಚಿತ್ರ ತೆಗೆಯುವ ವಿದ್ಯೆಯಲ್ಲಿ ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿ ಬಹಳ ಹಿಂದುಳಿದಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಪಟ್ಟಿ ಮಾಡಿದಾಗಲೂ ಈ ಬಾಬತ್ತನ್ನು ಮುಟ್ಟಲಿಲ್ಲ. ಆ ಲೋಪವನ್ನು ತುಂಬಲು ಈ ವರದಿ. ಇದನ್ನು ಬರೆದುಕೊಡಿ ಎಂದು ಯಾರೂ ಕೇಳಿಲ್ಲ. ಕೇಳಿ ಬರೆಸಿಕೊಂಡ ವರದಿಗಳೂ ಬೀರುವಿನಲ್ಲೇ ಇರುವುದರಿಂದ ಅದನ್ನೊಂದು ಕೊರತೆ ಎಂದು ನಾನು ಭಾವಿಸುವುದಿಲ್ಲ.

ಮೊದಲು ನನ್ನ ಅರ್ಹತೆ. ನಾನು ಕಂಪ್ಯೂಟರ್ ಓದಿದವನಲ್ಲ. ಸಿನಿಮಾ ಶಾಲೆಯ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ನಮ್ಮ ಹೋಬಳಿಯಲ್ಲಿ ಬೋರ್ ಕೊರೆಯುವ ಲಾರಿ ಯಾರ ಹೊಲದಲ್ಲಿ ನಿಂತರೂ ಹೋಗಿ, ಬದುವಿನ ಮೇಲೆ ಟವೆಲ್ ಹಾಸಿ ಕೂತು, ಕೊನೆಯ ರಾಡು ಮೇಲೆ ಬರುವ ತನಕ ಎದ್ದವನಲ್ಲ. ಕೆಲಸ ನಡೆಯುವುದು ಎಂಟುನೂರು ಅಡಿ ಕೆಳಗೆ. ಮೇಲೆ ಕಾಣುವುದು ಸದ್ದು, ಧೂಳು ಮತ್ತು ದುಡ್ಡು ಹಾಕಿದವನ ಮುಖ. ಸಾಫ್ಟ್‌ವೇರ್ ಕಂಪನಿಯ ಸಾಕ್ಷ್ಯಚಿತ್ರದಲ್ಲಿ ಇರುವುದೂ ಇಷ್ಟೇ, ಧೂಳೊಂದು ಇರುವುದಿಲ್ಲ. ಕಣ್ಣಿಗೆ ಏನೂ ಕಾಣದ ಕೆಲಸವನ್ನು ರಾತ್ರಿಯಿಡೀ ರೆಪ್ಪೆ ಬಡಿಯದೆ ನೋಡುವ ತರಬೇತಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲೂ ಈ ಮಟ್ಟದಲ್ಲಿ ಸಿಗಲಾರದು.

ಈ ಶಾಸ್ತ್ರದ ಮೂಲಕೃತಿ ‘ಕೋಡ್ ರಶ್’. ನಿರ್ದೇಶಕ ಡೇವಿಡ್ ವಿಂಟನ್. ಒಂದು ಗಂಟೆಗೆ ತುಸು ಕಮ್ಮಿ ಇರುವ ಈ ಚಿತ್ರ 2000ದ ಮಾರ್ಚ್ 30ರಂದು ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿದ್ದ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಮುಳುಗುತ್ತಿದ್ದ ವರ್ಷದಲ್ಲಿ ಅದರ ಎಂಜಿನಿಯರುಗಳು ಏನು ಮಾಡುತ್ತಿದ್ದರು ಎಂಬುದು ವಸ್ತು. ಕುರ್ಚಿಯ ಮೇಲೆ ಕೂತಿದ್ದರು. ಆದರೂ ಚಿತ್ರ ಬಿಟ್ಟು ಏಳಲಾಗುವುದಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ವಿದೇಶಿ ವಿಮರ್ಶಕರು ತಮಗೆ ತಿಳಿದಷ್ಟು ವಿವರಿಸಿದ್ದಾರೆ. ಬೋರಿನ ಅನುಭವವಿಲ್ಲದ್ದರಿಂದ ಅವರಿಗೆ ಪೂರ್ತಿ ಹಿಡಿತ ಸಿಕ್ಕಿಲ್ಲ.

ಕಥೆ ನಮಗೆ ಹೊಸದೇನಲ್ಲ. 1994ರ ಏಪ್ರಿಲ್‌ನಲ್ಲಿ ಜಿಮ್ ಕ್ಲಾರ್ಕ್ ಎಂಬ ಕಾಸಿದ್ದ ಹಿರಿಯರೂ ಮಾರ್ಕ್ ಆಂಡ್ರೀಸನ್ ಎಂಬ ಆಗತಾನೆ ಕಾಲೇಜು ಮುಗಿಸಿದ ಹುಡುಗನೂ ಸೇರಿ ಬೋರಿಗೆ ಪಾಯಿಂಟ್ ಗುರುತಿಸಿದರು. ಹದಿನಾರು ತಿಂಗಳಿಗೆ, 1995ರ ಆಗಸ್ಟ್ 9ರಂದು, ಕಂಪನಿ ಷೇರುಪೇಟೆಗೆ ಬಂತು. 28 ಡಾಲರಿಗೆ ಬಿಟ್ಟ ಷೇರು ಅದೇ ದಿನ ಸಂಜೆ 58 ಡಾಲರ್ ದಾಟಿ ನಿಂತಿತು. ಲಾಭ ಎಂದು ಹೇಳಿಕೊಳ್ಳುವಂಥದ್ದು ಇನ್ನೂ ಬಂದಿರಲಿಲ್ಲ. ಕೇಸಿಂಗ್ ಪೈಪು ಇಳಿಸುತ್ತಿರುವಾಗಲೇ ಊರಿಗೆ ಊರೇ ಕೊಡ ಹಿಡಿದು ಸಾಲು ನಿಂತಿತು. ಅಷ್ಟರಲ್ಲಿ ಪಕ್ಕದ ಹೊಲದ ಮೈಕ್ರೋಸಾಫ್ಟ್ ಇನ್ನೂ ಆಳಕ್ಕೆ ಕೊರೆಸಿ, ನೀರನ್ನು ಪುಕ್ಕಟೆ ಬಿಟ್ಟಿತು. ವಿಂಡೋಸ್ ಇದ್ದವರಿಗೆಲ್ಲ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಉಚಿತ. ಪಕ್ಕದವನು ಸಾವಿರ ಅಡಿಗೆ ಹೋದರೆ ನಮ್ಮ ಆರುನೂರು ಅಡಿಯ ಬೋರ್ ಏನಾಗುತ್ತದೆ ಎಂಬುದನ್ನು ಅಮೆರಿಕದ ನ್ಯಾಯಾಲಯ 1998ರಿಂದ ವರ್ಷಗಟ್ಟಲೆ ವಿಚಾರಣೆ ಮಾಡಿತು. ನಮ್ಮ ಹೋಬಳಿಯಲ್ಲಿ ಒಂದನೇ ಕ್ಲಾಸಿನ ಮಗುವನ್ನು ಕೇಳಿದ್ದರೆ ಮಧ್ಯಾಹ್ನದ ಬಿಸಿಯೂಟದೊಳಗೆ ತೀರ್ಪು ಸಿಗುತ್ತಿತ್ತು.

1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಒಂದು ತೀರ್ಮಾನಕ್ಕೆ ಬಂತು. ಬ್ರೌಸರನ್ನು ತಾನೂ ಉಚಿತವಾಗಿ ಕೊಡುವುದು, ಜೊತೆಗೆ ಅದರ ಮೂಲ ಕೋಡನ್ನು ಜಗತ್ತಿನ ಮುಂದೆ ಬಿಚ್ಚಿಡುವುದು. ಗಡುವು ಮಾರ್ಚ್ 31. ಈ ದಿನಾಂಕದ ಮಹತ್ವವನ್ನು ಚಿತ್ರ ಬಹಳ ಶ್ರಮಪಟ್ಟು ಕಟ್ಟಿಕೊಡುತ್ತದೆ. ನಮ್ಮಲ್ಲಿ ಅದರ ಅಗತ್ಯವಿಲ್ಲ. ಮಾರ್ಚ್ 31ರ ರಾತ್ರಿ ಖಜಾನೆಯ ಬಾಗಿಲು ಮುಚ್ಚುವ ಮೊದಲು ಬಿಲ್ಲು ಸೇರಿಸಲು ಇಡೀ ಇಲಾಖೆಗಳು ನಿದ್ದೆಗೆಟ್ಟು ಕೆಲಸ ಮಾಡುವುದನ್ನು ಕಂಡ ನಾಡು ಇದು. ಚರಂಡಿಯ ಫೋಟೊ ತೆಗೆದ ಮೇಲೆ ಚರಂಡಿ ಕಟ್ಟಿಸಿದ ಉದಾಹರಣೆಗಳೂ ಇವೆ ಎಂದು ಬಲ್ಲವರು ಹೇಳುತ್ತಾರೆ. ಮೌಂಟನ್ ವ್ಯೂನ ಎಂಜಿನಿಯರುಗಳಿಗೆ ಅಷ್ಟು ಚಾಕಚಕ್ಯತೆ ಇರಲಿಲ್ಲ. ಅವರು ನಿಜವಾಗಿಯೂ ಕೆಲಸ ಮಾಡಿಯೇ ಮುಗಿಸಲು ಹೊರಟರು.

ಕೆಲಸವೂ ಎಂಥದ್ದು! ಕೋಡಿನಲ್ಲಿ ಬೇರೆ ಕಂಪನಿಗಳಿಂದ ತಂದು ಸೇರಿಸಿದ್ದ ಭಾಗಗಳನ್ನು ಹುಡುಕಿ ಕಿತ್ತು ಹಾಕಬೇಕು. ಗುಟ್ಟಿನ ಲಿಪಿಯಲ್ಲಿ ಮಾಹಿತಿ ಕಳಿಸುವ ಭಾಗವನ್ನು ಅಮೆರಿಕದ ರಫ್ತು ಕಾನೂನು ಹೊರಗೆ ಬಿಡುತ್ತಿರಲಿಲ್ಲ, ಅದನ್ನೂ ಕೀಳಬೇಕು. ಸಾಲುಗಳ ನಡುವೆ ಎಂಜಿನಿಯರುಗಳು ಬರೆದುಕೊಂಡಿದ್ದ ಬೈಗುಳಗಳನ್ನು ಅಳಿಸಬೇಕು. ಇಷ್ಟೆಲ್ಲ ಕಿತ್ತ ಮೇಲೆ ಉಳಿದದ್ದು ಓಡಲೂ ಬೇಕು. ಜೇಮೀ ಜವಿನ್‌ಸ್ಕಿ, ಮೈಕಲ್ ಟಾಯ್, ತಾರಾ ಹೆರ್ನಾಂಡಿಸ್, ಸ್ಕಾಟ್ ಕಾಲಿನ್ಸ್ ಮುಂತಾದವರು ಮನೆಯ ದಾರಿ ಮರೆತು ಇದನ್ನು ಮಾಡುವುದನ್ನು ಕ್ಯಾಮರಾ ನೋಡುತ್ತದೆ. ಹದಿನಾರು ವರ್ಷದ ಸ್ಟುವರ್ಟ್ ಪಾರ್ಮೆಂಟರ್ ಎಂಬ ಹುಡುಗನೂ ಅಲ್ಲಿದ್ದಾನೆ. ನಮ್ಮಲ್ಲಿ ಆ ವಯಸ್ಸಿನವರನ್ನು ಎರಡನೇ ಪಿಯುಸಿಯ ಟ್ಯೂಷನ್ನಿಗೆ ಕೂಡಿಹಾಕುವುದರಿಂದ ಪಾತ್ರಧಾರಿಗಳ ಕೊರತೆ ಬೀಳುವ ಸಂಭವವಿದೆ.

ಈಗ ತಾಂತ್ರಿಕ ವಿಶ್ಲೇಷಣೆ. ಎಂಜಿನಿಯರ್ ಕೆಲಸ ಮಾಡುತ್ತಿದ್ದಾನೋ ಇಲ್ಲವೋ ಎಂಬುದನ್ನು ದೃಶ್ಯದಿಂದ ನಿರ್ಧರಿಸುವುದು ಈ ಪ್ರಕಾರದ ಅತಿ ದೊಡ್ಡ ತೊಡಕು. ನೇಗಿಲು ಹಿಡಿದವನು ನಿಂತರೆ ಕೆಲಸ ನಿಂತಿತು ಎಂದು ತಿಳಿಯುತ್ತದೆ. ಎಂಜಿನಿಯರ್ ಕೆಲಸ ಶುರು ಮಾಡಿದಾಗಲೇ ನಿಂತಿರುತ್ತಾನೆ. ಚಾವಣಿ ನೋಡುತ್ತಿರುವವನು ಯಾವುದೋ ಗಹನವಾದ ದೋಷವನ್ನು ಮನಸ್ಸಿನಲ್ಲೇ ಬಿಡಿಸುತ್ತಿರಬಹುದು. ಟಪಟಪ ಕೀಲಿ ಒತ್ತುತ್ತಿರುವವನು ಪಕ್ಕದ ಕಂಪನಿಗೆ ಬಯೋಡೇಟಾ ಕಳಿಸುತ್ತಿರಬಹುದು. ಕ್ಯಾಮರಾಗೆ ಎರಡೂ ಒಂದೇ.

ಈ ತೊಡಕನ್ನು ಸ್ಥಳೀಯವಾಗಿ ಅಧ್ಯಯನ ಮಾಡಲು 2020ರ ಲಾಕ್‌ಡೌನ್ ಒಳ್ಳೆಯ ಅವಕಾಶ ಕೊಟ್ಟಿತು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿಕೊಂಡಿದ್ದ ನಮ್ಮ ಹುಡುಗರೆಲ್ಲ ಲ್ಯಾಪ್‌ಟಾಪ್ ಸಮೇತ ಊರು ಸೇರಿದರು. ನಮ್ಮ ಬೀದಿಯ ಹುಡುಗನೊಬ್ಬ ಮನೆಯೊಳಗೆ ಸಿಗ್ನಲ್ ಸಿಗದೆ ಹುಣಸೆ ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಮೇಲೆ ಬಿಳಿ ಶರ್ಟು, ಕೆಳಗೆ ಪಟ್ಟಾಪಟ್ಟಿ ಚಡ್ಡಿ. ಕಿವಿಗೆ ಸಿಗಿಸಿಕೊಂಡ ಯಂತ್ರದಲ್ಲಿ ಆಗಾಗ ಇಂಗ್ಲಿಷಿನಲ್ಲಿ ಹೌದು ಹೌದು ಎನ್ನುತ್ತಿದ್ದ. ಅವನ ಅವ್ವ ಅಲ್ಲೇ ಕಣದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದ್ದಕ್ಕೆ ಸಾಕ್ಷ್ಯಚಿತ್ರದ ಅತ್ಯಂತ ಪ್ರಾಮಾಣಿಕ ಹಿನ್ನೆಲೆ ನಿರೂಪಣೆ ಅವರ ಬಾಯಿಂದ ಬಂತು: “ಏನ್ಮಾಡ್ತವ್ನೋ ಕಾಣೆ ಕಣಪ್ಪ. ಬೆಳಗಿಂದ ಕುಂತವ್ನೆ. ಸಂಜೆಗೆ ಸುಸ್ತು ಅಂತಾನೆ.”

ಅವನ ತಾತನೊಡನೆ ನಡೆದ ಸಂವಾದವನ್ನು ಪೂರ್ತಿಯಾಗಿ ದಾಖಲಿಸುವುದು ಉಚಿತ. ಹುಡುಗನ ಕಂಪನಿ ಏಕೆ ಕಷ್ಟದಲ್ಲಿದೆ ಎಂಬುದನ್ನು ತಾತ ತಮ್ಮ ಅನುಭವದ ಮೇಲೆ ವಿಚಾರಿಸುತ್ತಿದ್ದರು.

“ದುಡ್ಡು ಯಾರು ಹಾಕವ್ರೆ ಮಗ?”

“ಇನ್ವೆಸ್ಟರ್ಸ್ ತಾತ.”

“ನೀವ್ ಮಾಡಿದ್ದನ್ನ ಕೊಂಡ್ಕಳರು?”

“ಇನ್ನೂ ಇಲ್ಲ. ಸದ್ಯಕ್ಕೆ ಫ್ರೀ ಕೊಡ್ತಿದೀವಿ.”

“ಈಗ ಎಷ್ಟಡಿಗೆ ಹೋಗೈತೆ?”

“ಸೀರೀಸ್ ಬಿ.”

“ನೀರು?”

ಹುಡುಗ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. “ತೇವ ಐತೆ ಅಂತವ್ರೆ ತಾತ.”

ತಾತ ತಲೆಯಾಡಿಸಿದರು. “ಹಂಗಂದ್ರೆ ಇನ್ನೊಂದು ನೂರಡಿ ಬಿಡ್ತಾರೆ ಬಿಡು.”

ಕಂಪನಿಯ ಹಣಕಾಸು ಸ್ಥಿತಿಯ ಬಗ್ಗೆ ಇದಕ್ಕಿಂತ ನಿಖರವಾದ ವಿಶ್ಲೇಷಣೆ ಆ ವರ್ಷ ಬೆಂಗಳೂರಿನ ಯಾವ ಪತ್ರಿಕೆಯಲ್ಲೂ ಬಂದದ್ದು ನಾನು ನೋಡಿಲ್ಲ. ಬೋರಿನ ಅರ್ಥಶಾಸ್ತ್ರ ತಿಳಿಯದವರಿಗಾಗಿ ಸ್ವಲ್ಪ ವಿವರಣೆ. ಲಾರಿ ಸಾಮಾನ್ಯವಾಗಿ ತಮಿಳುನಾಡಿನ ತಿರುಚೆಂಗೋಡಿನದು. ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ, ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಕಲ್ಲು ಇಡುತ್ತಾರೆ. ಮೊದಲ ಮುನ್ನೂರು ಅಡಿಗೆ ಒಂದು ರೇಟು, ಆಮೇಲೆ ನೂರು ಅಡಿಗೊಮ್ಮೆ ರೇಟು ಏರುತ್ತದೆ. ಹೊರಬಂದ ಕಲ್ಲಿನ ಪುಡಿಯನ್ನು ಸಾಲಾಗಿ ಗುಡ್ಡೆ ಹಾಕುತ್ತಾರೆ. ಮೊದಲು ಕೆಂಪು, ಆಮೇಲೆ ಬೂದಿ, ಆಮೇಲೆ ಕಪ್ಪು. ಪ್ರತಿ ಗುಡ್ಡೆಯನ್ನೂ ಬೆರಳಲ್ಲಿ ಹೊಸಕಿ, ಮೂಸಿ ಅಭಿಪ್ರಾಯ ಹೇಳುವವರು ಕನಿಷ್ಠ ಹತ್ತು ಮಂದಿ ಇರುತ್ತಾರೆ. ಆರುನೂರು ಅಡಿ ದಾಟಿದ ಮೇಲೆ ನಿಲ್ಲಿಸಿ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಇಷ್ಟು ದುಡ್ಡು ಹಾಕಿದ್ದಾಗಿದೆ, ಈಗ ನಿಲ್ಲಿಸಿದರೆ ಹೋದದ್ದೆಲ್ಲ ಹೋದಂತೆ ಎಂಬ ತರ್ಕ ಹೊಲದ ಮಾಲೀಕನಿಗೂ ಸ್ಟಾರ್ಟಪ್‌ಗಳು ತುಂಬಿದ ಬೆಂಗಳೂರಿನ ಕೋರಮಂಗಲಕ್ಕೂ ಸಮಾನ. ವ್ಯತ್ಯಾಸ ಒಂದಿದೆ. ಇಲ್ಲಿ ಫೇಲಾದರೆ ಮಾಲೀಕ ಹೆಂಡತಿಯ ಓಲೆ ಅಡ ಇಡುತ್ತಾನೆ. ಅಲ್ಲಿ ಫೇಲಾದರೆ ಮಾಲೀಕ ಇನ್ನೊಂದು ಪಾಯಿಂಟ್ ನೋಡಿಸುತ್ತಾನೆ, ಓಲೆ ಎಂಜಿನಿಯರುಗಳ ಮನೆಯದು ಹೋಗುತ್ತದೆ.

ಇದನ್ನು ‘ಕೋಡ್ ರಶ್’ ಹೇಳದೇ ಬಿಟ್ಟಿಲ್ಲ, ಆದರೆ ಅವಸರದಲ್ಲಿ ಹೇಳುತ್ತದೆ. ಗಡುವಿನಂತೆ ಕೋಡ್ ಬಿಡುಗಡೆ ಆಯಿತು. ಎಂಜಿನಿಯರುಗಳು ಸಂಭ್ರಮಪಟ್ಟರು. ಅದೇ ವರ್ಷದ ನವೆಂಬರ್ 24ರಂದು ಕಂಪನಿಯನ್ನು ಅಮೆರಿಕ ಆನ್‌ಲೈನ್ ಎಂಬ ಇನ್ನೊಂದು ಕಂಪನಿ 4.2 ಶತಕೋಟಿ ಡಾಲರ್ ಮೌಲ್ಯದ ಷೇರಿಗೆ ಕೊಳ್ಳುವುದೆಂದು ಘೋಷಣೆಯಾಯಿತು. ರಾತ್ರಿ ಮೇಜಿನ ಕೆಳಗೆ ಮಲಗಿದವರನ್ನು ಈ ಮಾತುಕತೆಗೆ ಯಾರೂ ಎಬ್ಬಿಸಿರಲಿಲ್ಲ. ಕೊರೆಯುವ ಹುಡುಗರನ್ನು ಕೇಳಿ ಹೊಲ ಮಾರುವ ಪದ್ಧತಿ ಎಲ್ಲಿಯೂ ಇಲ್ಲ. 1999ರ ಏಪ್ರಿಲ್ 1ಕ್ಕೆ ಜವಿನ್‌ಸ್ಕಿ ಕೆಲಸ ಬಿಟ್ಟರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಿಎನ್‌ಎ ಲೌಂಜ್ ಎಂಬ ನೈಟ್‌ಕ್ಲಬ್ ಕೊಂಡು ನಡೆಸತೊಡಗಿದರು. ನಮ್ಮ ಕಡೆ ಕೆಲಸ ಕಳೆದುಕೊಂಡವರು ಬಾರ್‌ನಲ್ಲಿ ಕೂರುವುದುಂಟು. ಬಾರನ್ನೇ ಕೊಳ್ಳುವ ಆರ್ಥಿಕ ಶಿಸ್ತು ಇನ್ನೂ ಬಂದಿಲ್ಲ. ಆ ಬಿಚ್ಚಿಟ್ಟ ಕೋಡಿನ ಕೊಳವೆಯಲ್ಲೇ ಮುಂದೆ ನೀರು ಬಂತು. ಹೆಸರು ಫೈರ್‌ಫಾಕ್ಸ್, 2004ರ ನವೆಂಬರ್ 9. ಅಷ್ಟರಲ್ಲಿ ಹೊಲ ಬೇರೆಯವರದಾಗಿತ್ತು, ಲಾರಿಯೂ ಹೋಗಿತ್ತು.

ಹೀಗಿರುವಾಗ ಕರ್ನಾಟಕದಲ್ಲಿ ಇಂಥ ಚಿತ್ರ ಏಕೆ ಬರಲಿಲ್ಲ? ವಸ್ತುವಿಗೇನೂ ಬರವಿಲ್ಲ. ನಮ್ಮ ಜಿಲ್ಲೆಯದೇ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ದೇಶಕ್ಕೆಲ್ಲ ಗಂಟೆ ಹೇಳಿ, 2016ರಲ್ಲಿ ತನ್ನ ಗಂಟೆ ನಿಲ್ಲಿಸಿತು. ಜಾಗ ಇಸ್ರೊಗೆ ಹೋಯಿತು. ಬೆಂಗಳೂರಿನ ‘ಕೂ’ ಜಾಲತಾಣದ ಹಳದಿ ಹಕ್ಕಿ ಕನ್ನಡದಲ್ಲೇ ಮೊದಲು ಉಲಿದು, ನೈಜೀರಿಯ, ಬ್ರೆಜಿಲ್ ತನಕ ಹಾರಿ, 2024ರ ಜುಲೈನಲ್ಲಿ ಅಂಗಡಿ ಮುಚ್ಚಿತು. ನಮ್ಮ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳಿಗೆ ವರ್ಷ ವರ್ಷ ಬರುವ ಬಣ್ಣದ ಕೊಕ್ಕರೆಗಳು ಯಾವ ಹೂಡಿಕೆಯನ್ನೂ ಕೇಳದೆ ಮರಿ ಮಾಡಿಕೊಂಡು ಹೋಗುತ್ತವೆ ಎಂಬುದನ್ನು ಆ ಕಂಪನಿ ಬಂದು ನೋಡಬೇಕಿತ್ತು.

ಆದರೆ ನನ್ನ ಪ್ರಸ್ತಾವನೆ ಇವೆರಡರ ಮೇಲಲ್ಲ. ಅದು ಸಿಂಪ್ಯೂಟರ್ ಮೇಲೆ.

1998ರ ಅಕ್ಟೋಬರಿನಲ್ಲಿ, ನೆಟ್‌ಸ್ಕೇಪ್ ಮಾರಾಟದ ಘೋಷಣೆಗೆ ಮುಂಚಿನ ತಿಂಗಳಲ್ಲಿ, ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನ ಮತ್ತು ಅಭಿವೃದ್ಧಿಶೀಲ ದೇಶಗಳ ಕುರಿತು ಒಂದು ವಿಚಾರಗೋಷ್ಠಿ ನಡೆಯಿತು. ಬಡವನ ಕೈಗೆಟುಕುವ ಕಂಪ್ಯೂಟರ್ ಆಗಬೇಕು ಎಂಬ ಮಾತು ಅಲ್ಲಿ ಹುಟ್ಟಿತು. ವಿಚಾರಗೋಷ್ಠಿಯಲ್ಲಿ ಹುಟ್ಟಿದ ಮಾತು ಸಾಮಾನ್ಯವಾಗಿ ಊಟದ ವಿರಾಮದಲ್ಲಿ ತೀರಿಕೊಳ್ಳುತ್ತದೆ. ಇದು ಬದುಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಮೂವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಮಾಡಿಕೊಂಡರು. 2001ರ ಏಪ್ರಿಲ್ 25ರಂದು ಮಾದರಿಯನ್ನು ಲೋಕಕ್ಕೆ ತೋರಿಸಿದರು. ಅಂಗೈ ಅಗಲದ ಯಂತ್ರ, ಒಳಗೆ ಲಿನಕ್ಸ್, ಕಡ್ಡಿಯಲ್ಲಿ ಒತ್ತುವ ಪರದೆ. ಓದು ಬಾರದವರಿಗಾಗಿ ಕನ್ನಡದಲ್ಲಿ ತಾನೇ ಓದಿ ಹೇಳುವ ಸೌಲಭ್ಯ. ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು. ಕಾರ್ಡು ತೂರಿಸಿದರೆ ಯಂತ್ರ ನಿಮ್ಮದು, ತೆಗೆದರೆ ಪಕ್ಕದ ಮನೆಯವರದು. ಇಡೀ ಊರಿಗೆ ಒಂದೇ ಸಾಕು. ಆ ವರ್ಷದ ಕೊನೆಗೆ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರಪತ್ರಿಕೆಯಲ್ಲಿ ಅದನ್ನು ವರ್ಷದ ಅತಿ ಮಹತ್ವದ ಕಂಪ್ಯೂಟರ್ ಆವಿಷ್ಕಾರ ಎಂದು ಹೊಗಳಿದರು. ನ್ಯೂಯಾರ್ಕಿನವರಿಗೆ ನಮ್ಮ ಯಂತ್ರ ನಮಗಿಂತ ಮೊದಲು ತಲುಪಿತು.

ಪೇಟೆಗೆ ಬಂದದ್ದು 2004ರ ಮಾರ್ಚ್ 26ಕ್ಕೆ. ವಿಜ್ಞಾನಿಗಳ ಪಿಕೊಪೀಟಾ ಕಂಪನಿ ವಿನ್ಯಾಸ ಮಾಡಿತು, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು, ಹೆಸರು ಅಮಿಡಾ. ಒಂಬತ್ತು ಸಾವಿರ ಎಂದು ಅಂದುಕೊಂಡಿದ್ದ ಬೆಲೆ ಹತ್ತಿರ ಹತ್ತಿರ ಹತ್ತು ಸಾವಿರಕ್ಕೆ ಶುರುವಾಯಿತು, ಬಣ್ಣದ ಪರದೆ ಬೇಕೆಂದರೆ ಇನ್ನೂ ಮೇಲೆ. ಅದರಲ್ಲೊಂದು ಸೊಬಗು ಇತ್ತು. ಮಣಿಕಟ್ಟು ತಿರುಗಿಸಿದರೆ ಪುಟ ಮಗುಚುತ್ತಿತ್ತು. ಕೈಯ ಚಲನೆಯನ್ನು ಯಂತ್ರ ಅರಿಯುವ ಈ ವಿದ್ಯೆಯನ್ನು ಮೂರು ವರ್ಷಗಳ ನಂತರ ಐಫೋನ್ ಬಂದಾಗ ಜಗತ್ತೆಲ್ಲ ಬಾಯಿ ಬಿಟ್ಟು ನೋಡಿತು. ಐವತ್ತು ಸಾವಿರ ಮಾರುವ ಗುರಿಗೆ ಎದುರಾಗಿ ಮೊದಲ ವರ್ಷ ಹೋದದ್ದು ನಾಲ್ಕು ಸಾವಿರದಷ್ಟು ಎಂದು ವರದಿಯಾಯಿತು. ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು. ಊರಿನವರು ತಮಗೆ ಮಾಹಿತಿ ಬೇಕಾಗಿಲ್ಲ, ಬೇರೆ ಊರಿನಲ್ಲಿರುವ ಅಳಿಯನ ಜೊತೆ ಮಾತಾಡಬೇಕಾಗಿದೆ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದ್ದರು. ಅತ್ತ ಪಹಣಿಯ ಮಟ್ಟಿಗೆ ‘ಭೂಮಿ’ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ತಾಲ್ಲೂಕು ಕಚೇರಿಯ ಕಿಟಕಿಯೊಳಗೆ ತುಂಬಿ, 15 ರೂಪಾಯಿಗೆ ಒಂದರಂತೆ ಕೊಡತೊಡಗಿತ್ತು. ಅಂಗೈ ಯಂತ್ರಕ್ಕೆ ಕಾಯಲು ಯಾರಿಗೆ ಪುರಸೊತ್ತು?

ನೆಟ್‌ಸ್ಕೇಪ್ ಒಳಗೆ ಕ್ಯಾಮರಾ ಇತ್ತು, ಆದ್ದರಿಂದ ಅದರ ಸೋಲು ಚರಿತ್ರೆಯಾಯಿತು. ಸಿಂಪ್ಯೂಟರ್ ಎಂಜಿನಿಯರುಗಳು ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು, ಕನ್ನಡದ ಒತ್ತಕ್ಷರವನ್ನು ಯಂತ್ರದ ಬಾಯಲ್ಲಿ ಹೊರಳಿಸಲು ಎಷ್ಟು ಚಹಾ ಕುಡಿದರು ಎಂಬುದು ‘ಕೋಡ್ ರಶ್’ನಂತೆ ಊರೂರಿಗೆ ತಲುಪಲಿಲ್ಲ. ಈ ಕೊರತೆಯನ್ನು ನೀಗಿಸಲು ಚಿತ್ರವನ್ನು ಗೌಡಗೆರೆ ಹೋಬಳಿಯಲ್ಲಿ ತೆಗೆಯಬೇಕೆಂಬುದು ನನ್ನ ಖಚಿತ ಶಿಫಾರಸು. ಯಂತ್ರ ತಯಾರಾದ ಬೆಂಗಳೂರಿನ ಕಡೆ ಚಿತ್ರೀಕರಿಸುವುದು ಸುಲಭದ ದಾರಿ. ಯಾರಿಗಾಗಿ ತಯಾರಾಯಿತೋ ಅವರ ಊರಿನಲ್ಲಿ ಚಿತ್ರೀಕರಿಸುವುದು ಶಾಸ್ತ್ರ. ಇಲ್ಲಿ ಯಾರ ಕೈಯಲ್ಲೂ ನಾನು ಆ ಯಂತ್ರವನ್ನು ಕಂಡಿಲ್ಲವಾದ್ದರಿಂದ ದೃಶ್ಯಗಳಲ್ಲಿ ಅನಗತ್ಯ ಸಾಮಗ್ರಿಯ ಗೊಂದಲವೂ ಇರುವುದಿಲ್ಲ.

ಸ್ಥಳದ ವಿಚಾರದಲ್ಲಿ ನಿರ್ದೇಶಕರಿಗೆ ಯಾವ ಚಿಂತೆಯೂ ಬೇಡ. ಪತನದ ಹಿನ್ನೆಲೆ ಬೇಕಾದರೆ ಶಿರಾದ ಕೋಟೆ ಇದೆ. ಮೊಗಲರು 1687ರಿಂದ ಒಂದು ಸುಬಾದ ರಾಜಧಾನಿಯನ್ನಾಗಿ ಇಟ್ಟುಕೊಂಡಿದ್ದ ಊರು ಇದು. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿನ ತೋಟವೇ ಮಾದರಿ ಎನ್ನುತ್ತಾರೆ. ಟಿಪ್ಪುವಿನ ಕಾಲದಲ್ಲಿ ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದರೆಂದು ಗೆಜೆಟಿಯರ್ ಬರೆಯುತ್ತದೆ. ಕೆಲಸ ಬಲ್ಲವರನ್ನು ಸಾಮೂಹಿಕವಾಗಿ ಬೇರೆ ಊರಿಗೆ ಒಯ್ಯುವ ನೀತಿಯನ್ನು ಐಟಿ ಕಂಪನಿಗಳು ಕಂಡುಹಿಡಿದವು ಎಂಬ ತಪ್ಪು ತಿಳಿವಳಿಕೆ ಈ ಒಂದು ದೃಶ್ಯದಿಂದ ನಿವಾರಣೆಯಾಗುತ್ತದೆ. ಕಂಪನಿ ಎತ್ತರಕ್ಕೆ ಏರುತ್ತಿರುವ ದೃಶ್ಯಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟ. ಮೆಟ್ಟಿಲು ಮುಗಿದು ಬರೀ ಬಂಡೆ ಶುರುವಾಗುವ ಕಡೆ ಹೂಡಿಕೆದಾರರನ್ನು ನಿಲ್ಲಿಸಿ ಮಾತಾಡಿಸಬೇಕು. ಸಾಲದ ದೃಶ್ಯಕ್ಕೆ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಲಕ್ಷ್ಮಿಯ ಸನ್ನಿಧಿ, ಸಾಲ ತೀರದ ದೃಶ್ಯಕ್ಕೆ ಪಾವಗಡದ ಶನಿಮಹಾತ್ಮನ ಗುಡಿ. ಎರಡಕ್ಕೂ ಬಸ್ಸಿದೆ.

ಬೆಳಕಿನ ವ್ಯವಸ್ಥೆ ಪಾವಗಡದಿಂದ. ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಫಲಕ ಹಾಸಿದ್ದಾರೆ. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಹೊಲ ಬಿಟ್ಟುಕೊಟ್ಟಿದ್ದಾರೆ. ಏನನ್ನೂ ಬೆಳೆಯದೆ, ಕೊರೆಸದೆ ವರಮಾನ ಪಡೆಯುವ ಈ ಮಾದರಿಯನ್ನು ಸ್ಟಾರ್ಟಪ್‌ಗಳು ಇನ್ನೂ ಗಂಭೀರವಾಗಿ ಅಧ್ಯಯನ ಮಾಡಿಲ್ಲ. ಅಷ್ಟು ವಿದ್ಯುತ್ ಪಕ್ಕದಲ್ಲೇ ಹುಟ್ಟುತ್ತಿದ್ದರೂ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಯಾವಾಗ ಕೊಡುತ್ತಾರೆಂದು ನಾವು ಲೈನ್‌ಮನ್‌ಗೆ ಫೋನ್ ಮಾಡಿಯೇ ತಿಳಿಯಬೇಕು. ಛಾಯಾಗ್ರಾಹಕರು ಆ ನಂಬರನ್ನು ಮೊದಲೇ ಪಡೆದುಕೊಳ್ಳುವುದು ಒಳ್ಳೆಯದು.

ಸಂಭಾಷಣೆಯ ಬಗ್ಗೆ ಒಂದು ಎಚ್ಚರಿಕೆ. ಮುಳುಗುವ ಕಂಪನಿಯ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡು ನಾವೆಲ್ಲ ಒಂದೇ ಕುಟುಂಬ ಎಂದು ಹೇಳುವ ದೃಶ್ಯ ಈ ಪ್ರಕಾರಕ್ಕೆ ಅನಿವಾರ್ಯ. ನಗರದ ಪ್ರೇಕ್ಷಕರು ಇಲ್ಲಿ ಕಣ್ಣೀರು ಹಾಕುತ್ತಾರೆ. ನಮ್ಮ ಕಡೆ ತೋರಿಸುವಾಗ ಇದನ್ನು ಕತ್ತರಿಸುವುದು ಕ್ಷೇಮ. ಕುಟುಂಬ ಎಂದ ಕೂಡಲೇ ಭಾಗ ಯಾವಾಗ, ರಸ್ತೆ ಪಕ್ಕದ ಪಾಲು ಯಾರಿಗೆ ಎಂಬ ಪ್ರಶ್ನೆ ಸಭೆಯಲ್ಲಿ ಎದ್ದು, ಪ್ರದರ್ಶನ ಸರ್ವೆ ನಂಬರಿನ ಮೇಲೆ ನಿಂತುಹೋಗುವ ಅಪಾಯವಿದೆ.

ಕೆಲಸದಿಂದ ತೆಗೆಯುವ ದೃಶ್ಯ ತೀರಾ ಕಷ್ಟ. ‘ಕೋಡ್ ರಶ್’ ಕಾಲದಲ್ಲಿ ಎದುರಿಗೆ ಕರೆದು ಹೇಳುತ್ತಿದ್ದರು, ಮುಖಭಾವ ಸಿಗುತ್ತಿತ್ತು. ಈಗ ಹದಿನೈದು ನಿಮಿಷದ ವಿಡಿಯೊ ಕರೆ ಬರುತ್ತದೆ. ನಮ್ಮ ಹುಣಸೆ ಮರದ ಹುಡುಗನಿಗೆ ಬಂದದ್ದು ಅಂಥದ್ದೇ. ಆ ಕಡೆಯವರು ಕಂಪನಿಯ ಮುಂದಿನ ಪಯಣದ ಬಗ್ಗೆ ವಿವರಿಸುತ್ತಿರುವಾಗ ಸಿಗ್ನಲ್ ಹೋಯಿತು. ಇವನು ಕುರ್ಚಿ ಎತ್ತಿಕೊಂಡು ಕೆರೆ ಏರಿಯ ಕಡೆ ಓಡಿ ಮತ್ತೆ ಸಂಪರ್ಕ ಸಿಗುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ತನ್ನನ್ನು ತೆಗೆದರೋ, ಕರೆಂಟು ತೆಗೆದರೋ ಎಂಬುದು ಅವನಿಗೆ ತಿಳಿದದ್ದು ಮಾರನೆಯ ದಿನ. ತಾತ ಬಂದು ವಿಚಾರಿಸಿದರು. ಎಂಟುನೂರಕ್ಕೆ ನಿಲ್ಲಿಸಿದ್ರಾ ಎಂದು ಕೇಳಿದರು. ಹೌದು ಎಂದ. ಕೇಸಿಂಗ್ ಕಿತ್ತುಕೊಂಡು ಹೋದ್ರಾ ಎಂದರು. ಲ್ಯಾಪ್‌ಟಾಪ್ ಕೊರಿಯರ್ ಮಾಡಬೇಕಂತೆ ಎಂದ. ಶಿರಾದಲ್ಲಿ ಕೊರಿಯರ್ ಅಂಗಡಿ ಎಲ್ಲಿದೆ ಎಂದು ತಾತ ದಾರಿ ಹೇಳಿದರು.

ಚಿತ್ರದ ನಾಯಕನಾಗಿ ಈ ಹುಡುಗನನ್ನೇ ಸೂಚಿಸಬೇಕೆಂದಿದ್ದೇನೆ. ಅವನು ಈಗ ಊರಿನಲ್ಲೇ ಇದ್ದಾನೆ. ಯಾವ ಹೂಡಿಕೆಯೂ ಇಲ್ಲದೆ ಅವನ ಸೇವೆಗೆ ವಿಪರೀತ ಬೇಡಿಕೆ ಬಂದಿದೆ. ಬೆಳಗ್ಗೆ ಏಳಕ್ಕೆಲ್ಲ ಜಗಲಿಯ ಮೇಲೆ ಜನ ಕೂತಿರುತ್ತಾರೆ. ಒಬ್ಬರಿಗೆ ಪಹಣಿಗೆ ಆಧಾರ್ ಜೋಡಿಸಬೇಕು, ಇನ್ನೊಬ್ಬರಿಗೆ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನ ಎಫ್‌ಐಡಿ ನಂಬರ್ ಬೇಕು, ಮತ್ತೊಬ್ಬರ ಗೃಹಲಕ್ಷ್ಮಿ ದುಡ್ಡು ಯಾವ ಬ್ಯಾಂಕಿಗೆ ಬಿದ್ದಿದೆ ಎಂದು ನೋಡಬೇಕು, ವಯಸ್ಸಾದ ಅಜ್ಜಿಯೊಬ್ಬರಿಗೆ ಬೆರಳಚ್ಚು ಹೊಂದುತ್ತಿಲ್ಲ. ಒಂದೇ ಯಂತ್ರ, ಇಡೀ ಊರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾರ್ಡು, ಓದು ಬಾರದವರಿಗೆ ಅವನೇ ಕನ್ನಡದಲ್ಲಿ ಓದಿ ಹೇಳುತ್ತಾನೆ. ಸಿಂಪ್ಯೂಟರ್ ಯೋಜನೆಯ ಉದ್ದೇಶಗಳೆಲ್ಲ ಬಿಡಿ ಭಾಗಗಳ ಖರ್ಚಿಲ್ಲದೆ ಈಡೇರಿವೆ. ಶುಲ್ಕ ಕೊಡುವವರು ಕೊಡುತ್ತಾರೆ, ಉಳಿದವರು ಎರಡು ಸೇರು ಶೇಂಗಾ ತಂದಿಡುತ್ತಾರೆ. ಅವನ ಹಿಂದಿನ ಕಂಪನಿಗೆ ಈ ಪ್ರಮಾಣದ ಆದಾಯ ಕೊನೆಯವರೆಗೂ ಬಂದಿರಲಿಲ್ಲ ಎಂದು ಅವನೇ ಹೇಳಿದ.

ಆದ್ದರಿಂದ ನಿರ್ಮಾಪಕರು ಒಂದು ವಿಷಯ ಗಮನಿಸಬೇಕು. ಸರ್ವರ್ ಇರುವಾಗ ಅವನು ಕ್ಯಾಮರಾ ಕಡೆ ತಿರುಗಿಯೂ ನೋಡುವುದಿಲ್ಲ. ಸರ್ವರ್ ಡೌನ್ ಆದಾಗ ಜನ ಎದ್ದು ಹೋಗದೆ ಅಲ್ಲೇ ಕೂತಿರುವುದರಿಂದ ಆಗಲೂ ಮಾತಿಗೆ ಸಿಗುವುದಿಲ್ಲ. ಸಿಗುವುದು ಕರೆಂಟ್ ಹೋದಾಗ ಮಾತ್ರ. ಚಿತ್ರೀಕರಣದ ವೇಳಾಪಟ್ಟಿಯನ್ನು ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿಕೊಂಡು ಬರತಕ್ಕದ್ದು.